ಕಣಿ ಬಿಡಿಸಿದರೆ ಜೀಪು ಉಳಿಯುತ್ತದೆ

ಮೇ ತಿಂಗಳ ಕೊನೆಯ ವಾರ ನಮ್ಮಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಬೆಳಿಗ್ಗೆ ಬಿಸಿಲೇರುವ ಮೊದಲು ಹಾರೆ, ಪಿಕ್ಕಾಸು ಹಿಡಿದು ದಾರಿಯ ಕಣಿ, ಅಂದರೆ ಮಳೆನೀರು ಹೊರಗೆ ಹೋಗುವ ಚರಂಡಿ, ಬಿಡಿಸುವುದು. ಮಧ್ಯಾಹ್ನ ಊಟವಾದ ಮೇಲೆ ಹಳೆಯ ಗೋಣಿ ಹಾಸಿಕೊಂಡು ಜೀಪಿನ ಅಡಿಗೆ ನುಗ್ಗುವುದು. ಅಪ್ಪನ ಕಾಲದಲ್ಲೂ ಹೀಗೇ ಇತ್ತು. ಆಗ ನಾನು ಗ್ರೀಸ್ ಡಬ್ಬಿ ಹಿಡಿದು ಪಕ್ಕದಲ್ಲಿ ಕೂರುವವಳು. ಈಗ ಅಡಿಗೆ ನುಗ್ಗುವುದು ನಾನು, ಡಬ್ಬಿ ಹಿಡಿಯಲು ಮಗ.

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಆದೂರಿನಿಂದ ಒಳಗೆ. ಚೆರ್ಕಳ–ಜಾಲ್ಸೂರು ರಸ್ತೆ ಬಿಟ್ಟು ಸ್ವಲ್ಪ ದೂರ ಬಂದರೆ ಒಂದು ಭಜನಾ ಮಂದಿರ ಸಿಗುತ್ತದೆ. ಡಾಮರು ಅಲ್ಲಿಗೆ ಮುಗಿಯಿತು. ಅಲ್ಲಿಂದ ಅಂಗಳದವರೆಗೆ ಸುಮಾರು ಒಂದೂವರೆ ಕಿಲೋಮೀಟರು ಕೆಂಪುಮಣ್ಣಿನ ದಾರಿ. ಮೊದಲು ಬೋಳು ಪಾರೆ, ಮತ್ತೆ ಗೇರುಗುಡ್ಡೆಯ ಇಳಿಜಾರು, ನಡುವೆ ಒಂದು ದೊಡ್ಡ ತಿರುವು, ಕೆಳಗೆ ಪಯಸ್ವಿನಿ ಹೊಳೆಗೆ ಹೋಗಿ ಸೇರುವ ತೋಡು, ಅಂದರೆ ಸಣ್ಣ ಹಳ್ಳ. ತೋಡು ದಾಟಿದರೆ ತೋಟ, ತೋಟದ ತಲೆಯಲ್ಲಿ ಮನೆ. ಅಡಿಕೆ, ಗೊಬ್ಬರ, ಸೊಪ್ಪು, ಮದ್ದಿನ ಪಂಪು, ಗ್ಯಾಸ್ ಸಿಲಿಂಡರ್, ಜಂಬರಕ್ಕೆ ಹೊರಟ ನೆಂಟರು, ಶಾಲೆಯ ಬಸ್ಸು ಹಿಡಿಯಬೇಕಾದ ಮಕ್ಕಳು, ಎಲ್ಲರೂ ಎಲ್ಲವೂ ಈ ದಾರಿಯಲ್ಲೇ ಹತ್ತಿ ಇಳಿಯಬೇಕು. ಬೇಸಿಗೆಯಲ್ಲಾದರೆ ಸ್ಕೂಟರಿನಲ್ಲೂ ಬರಬಹುದು. ಜೂನ್ ಹತ್ತರ ಮೇಲೆ ಜೀಪು ಬಿಟ್ಟರೆ ಕಾಲು.

ನಮ್ಮದು 1991ರ ಮಹೀಂದ್ರ ಎಂಎಂ 540. ಅಪ್ಪ ಅದನ್ನು 1998ರಲ್ಲಿ ಪುತ್ತೂರಿನ ಕಡೆಯ ಒಬ್ಬ ಕೃಷಿಕರಿಂದ ಕೊಂಡದ್ದು. ನಾಲ್ಕು ಸಿಲಿಂಡರಿನ, 2112 ಸಿಸಿಯ ಪ್ಯೂಜೋ ಡೀಸೆಲ್ ಎಂಜಿನ್. ಮೈಯ ಆಕಾರ ಮಾತ್ರ ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿನಿಂದ ಇಳಿದು ಬಂದದ್ದು. ಮಹೀಂದ್ರದವರು 1947ರಲ್ಲಿ ವಿಲ್ಲಿಸ್ ಜೀಪುಗಳನ್ನು ಇಲ್ಲಿ ಜೋಡಿಸಲು ಶುರು ಮಾಡಿದರು, ಆ ವಂಶ ಬದಲಾಗುತ್ತ ಬಂದು ನಮ್ಮ ಅಂಗಳದಲ್ಲಿ ನಿಂತಿದೆ. ಸೈನ್ಯಕ್ಕೆಂದು ಮಾಡಿದ ಗಾಡಿ ಅಡಿಕೆ ತೋಟಕ್ಕೆ ಇಷ್ಟು ಒಗ್ಗಿದ್ದಕ್ಕೆ ಕಾರಣ ಸರಳ. ಬಿಚ್ಚಲು ಬರುತ್ತದೆ. ಎರಡು ಸ್ಪ್ಯಾನರ್ ಸೆಟ್ಟು, ಒಂದು ಜಾಕಿ, ಒಂದು ಸುತ್ತಿಗೆ ಇದ್ದರೆ ಅದರ ಮುಕ್ಕಾಲು ಪಾಲು ಮನೆಯಲ್ಲೇ ಬಿಚ್ಚಿ ಜೋಡಿಸಬಹುದು.

2012ರಲ್ಲಿ ಅಪ್ಪನಿಗೆ ಪಾರ್ಶ್ವವಾಯು ಆಯಿತು. ಬಲಗೈ, ಬಲಗಾಲು ಸೋತವು, ಮಾತು ಉಳಿಯಿತು. ನಾನು ಕೆಲಸ ಬಿಟ್ಟು ಊರಿಗೆ ಬಂದೆ. ಕಾರು ಓಡಿಸಲು ನನಗೆ ಬರುತ್ತಿತ್ತು, ಜೀಪೂ ಹಾಗೆಯೇ ಅಂದುಕೊಂಡಿದ್ದೆ. ಮೊದಲ ದಿನವೇ ಅಪ್ಪ ಪಕ್ಕದ ಸೀಟಿನಲ್ಲಿ ಕೂತು, "ಹೆಬ್ಬೆರಳು ಹೊರಗೆ ಇಡು" ಎಂದರು. ನನಗೆ ಅರ್ಥವಾಗಲಿಲ್ಲ. ಸ್ಟಿಯರಿಂಗ್ ಚಕ್ರವನ್ನು ಮುಷ್ಟಿಯಲ್ಲಿ ಹಿಡಿದರೆ ಹೆಬ್ಬೆರಳು ಒಳಗೆ ಕಡ್ಡಿಗಳ ಹತ್ತಿರ ಇರುತ್ತದೆ. ಪವರ್ ಸ್ಟಿಯರಿಂಗ್ ಇಲ್ಲದ ಗಾಡಿ, ಮುಂದಿನ ಚಕ್ರ ಕಲ್ಲಿಗೆ ಬಡಿದರೆ ಸ್ಟಿಯರಿಂಗ್ ಗರಕ್ಕನೆ ತಿರುಗುತ್ತದೆ, ಕಡ್ಡಿ ಬಂದು ಹೆಬ್ಬೆರಳ ಮೂಳೆಯನ್ನು ಮುರಿಯುತ್ತದೆ. ಹೆಬ್ಬೆರಳನ್ನು ಬೇರೆ ಬೆರಳುಗಳ ಜೊತೆಗೇ ಅಂಚಿನ ಮೇಲೆ ಇಡಬೇಕು. ಹತ್ತು ವರ್ಷ ದಾಟಿದ ಮೇಲೆ ಈಗ ಪೇಟೆಯಲ್ಲಿ ಕಾರು ಓಡಿಸುವಾಗಲೂ ನನ್ನ ಹೆಬ್ಬೆರಳು ಹೊರಗೇ ಇರುತ್ತದೆ.

ಗೇರ್ ಹಾಕುವ ದೊಡ್ಡ ದಂಡದ ಪಕ್ಕದಲ್ಲಿ ನಮ್ಮ ಜೀಪಿಗೆ ಎರಡು ಪುಟ್ಟ ದಂಡಗಳಿವೆ. ಒಂದು ಮುಂದಿನ ಚಕ್ರಗಳಿಗೂ ಬಲ ಕೊಡುವುದು, ಅದಕ್ಕೆ ನಾವು ಫೋರ್ ವೀಲ್ ಹಾಕುವುದು ಅನ್ನುತ್ತೇವೆ. ಇನ್ನೊಂದು ಲೋ ಹಾಕುವುದು. ಲೋ ಹಾಕಿದರೆ ಅದೇ ಎಂಜಿನ್ನಿನ ಎಳೆತ ಸುಮಾರು ಎರಡೂವರೆ ಪಟ್ಟು ಆಗುತ್ತದೆ, ಓಟ ಅಷ್ಟೇ ಪಟ್ಟು ಕಮ್ಮಿ. ಫೋರ್ ವೀಲ್ ಹಾಕದೆ ಲೋ ಬೀಳುವುದಿಲ್ಲ. ಅಷ್ಟು ಬಲ ಹಿಂದಿನ ಹೌಸಿಂಗ್ (ಎರಡು ಚಕ್ರಗಳ ನಡುವಿನ ಗೇರಿನ ಗೂಡು) ಒಂದರ ಮೇಲೇ ಬೀಳಬಾರದೆಂದು ಒಳಗೆ ಹಾಗೊಂದು ತಡೆ ಇದೆ. ಇದನ್ನು ಮಾಡಿದವರ ಮುಂದಾಲೋಚನೆಯ ಬಗ್ಗೆ ನನಗೆ ಇವತ್ತಿಗೂ ಗೌರವ.

ಡಾಮರಿನ ಮೇಲೆ ಫೋರ್ ವೀಲ್ ಹಾಕಬಾರದು ಎಂದು ಎಲ್ಲರೂ ಹೇಳುತ್ತಾರೆ, ಯಾಕೆಂದು ಹೇಳುವವರು ಕಮ್ಮಿ. ಜೀಪು ತಿರುಗುವಾಗ ಮುಂದಿನ ಚಕ್ರಗಳು ದೊಡ್ಡ ಸುತ್ತು ಹೊಡೆಯುತ್ತವೆ, ಹಿಂದಿನವು ಸಣ್ಣ ಸುತ್ತು. ಮುಂದು ಹಿಂದನ್ನು ಒಂದೇ ಲೆಕ್ಕದಲ್ಲಿ ಕಟ್ಟಿಹಾಕಿದರೆ ಈ ವ್ಯತ್ಯಾಸ ಎಲ್ಲಾದರೂ ಹೊರಗೆ ಹೋಗಬೇಕು. ಮಣ್ಣಿನಲ್ಲಿ ಟಯರು ತುಸು ಜಾರಿ ಹೋಗುತ್ತದೆ. ಡಾಮರಿನಲ್ಲಿ ಜಾರಲು ಎಡೆ ಇಲ್ಲ, ಆ ಬಿಗಿತವೆಲ್ಲ ಗೇರು, ಶಾಫ್ಟು, ಶಾಫ್ಟಿನ ತುದಿಯ ಕೀಲುಗಳಾದ ಕ್ರಾಸುಗಳ ಮೇಲೆ ಕೂರುತ್ತದೆ. ಭಜನಾ ಮಂದಿರದ ಹತ್ತಿರ ಬಂದಾಗ ಫೋರ್ ವೀಲ್ ದಂಡ ತೆಗೆಯಲು ಬಾರದೆ ಹಟ ಹಿಡಿದರೆ ಕಾರಣ ಇದೇ. ನಾಲ್ಕು ಮಾರು ಸೀದಾ ಹಿಂದಕ್ಕೆ ತಂದರೆ ಬಿಗಿತ ಬಿಟ್ಟು ದಂಡ ತಾನಾಗಿ ಬರುತ್ತದೆ. ಕಾಲಿನಿಂದ ಒದ್ದು ತೆಗೆಯುವವರನ್ನು ನೋಡಿದ್ದೇನೆ, ನನಗೆ ಹೊಟ್ಟೆ ಚುರುಕ್ ಅನ್ನುತ್ತದೆ.

ನಾನು ಕಲಿತ ಮೊದಲ ಮಳೆಗಾಲದಲ್ಲಿ ಒಂದು ಸಲ ಮೂರು ಮೂಟೆ ಗೊಬ್ಬರ ಹೇರಿಕೊಂಡು ಬರುತ್ತಿದ್ದೆ. ದೊಡ್ಡ ತಿರುವಿನ ಕೆಳಗೆ ಅಡ್ಡಬಿದ್ದ ಒಂದು ಗೇರುಮರದ ಗೆಲ್ಲು ನೋಡಿ ನಿಲ್ಲಿಸಿದೆ, ಇಳಿದು ಗೆಲ್ಲು ಎಳೆದೆ, ಮತ್ತೆ ಹೊರಟರೆ ಹಿಂದಿನ ಚಕ್ರ ಅಲ್ಲೇ ಸುತ್ತಿತು. ಇನ್ನೂ ಸ್ವಲ್ಪ ಆಕ್ಸಿಲೇಟರ್ ಕೊಟ್ಟೆ. ಕೆಂಪು ಕೆಸರು ಹಿಂದಿನ ಟಾರ್ಪಾಲಿನವರೆಗೆ ಹಾರಿತು. ಚಕ್ರ ಮೊಣಕಾಲಿನಷ್ಟು ಹುಗಿಯಿತು. ಆಗ ನೆನಪಾಗಿ ಫೋರ್ ವೀಲ್ ಹಾಕಿದೆ, ಮುಂದಿನ ಚಕ್ರಗಳೂ ಹುಗಿದವು. ಮನೆಗೆ ನಡೆದು ಹೋಗಿ ಹೇಳಿದಾಗ ಅಪ್ಪ ಬೈಯಲಿಲ್ಲ. "ಹುಗಿದ ಮೇಲೆ ಹಾಕಿದರೆ ಗುಂಡಿ ತೋಡಲಿಕ್ಕೆ ಇನ್ನಿಬ್ಬರು ಆಳು ಸಿಕ್ಕಿದ ಹಾಗೆ ಆಯಿತಲ್ಲ ಮಾರಾಯ್ತಿ. ಏರು ಕಾಣುವ ಮೊದಲೇ ಹಾಕಬೇಕು" ಎಂದರು.

ಅಂದು ಜೀಪು ಎಬ್ಬಿಸಿದ್ದು ಹೇಗೆ ಎಂಬುದನ್ನು ಹೇಳಬೇಕು, ಯಾರಿಗಾದರೂ ಉಪಯೋಗವಾದೀತು. ಮೊದಲು ಮೂಟೆ ಇಳಿಸಿದೆವು. ಚಕ್ರದ ಮುಂದಿನ ಮಣ್ಣನ್ನು ಇಳಿಜಾರಾಗಿ ಕೆರೆದು ತೆಗೆದೆವು. ಜಾಕಿಯ ಅಡಿಗೆ ಅಗಲದ ಹಲಗೆ ಇಟ್ಟೆವು, ಇಲ್ಲದಿದ್ದರೆ ಜಾಕಿ ತಾನೇ ಹುಗಿಯುತ್ತದೆ. ಹಿಂದಿನ ಹೌಸಿಂಗ್ ಎತ್ತಿ ಚಕ್ರದ ಅಡಿಗೆ ಸೀಳಿದ ಅಡಿಕೆಮರದ ಸಲಾಕೆಗಳನ್ನು ಒಡ್ಡಿದೆವು, ಒರಟು ಬದಿ ಮೇಲಕ್ಕೆ. ಟಯರಿನ ಗಾಳಿ ತುಸು ಇಳಿಸಿದೆವು, ಗಾಳಿ ಇಳಿದರೆ ಟಯರು ನೆಲವನ್ನು ಅಗಲವಾಗಿ ಹಿಡಿಯುತ್ತದೆ. ಕೊನೆಗೆ ಲೋ ಎರಡನೇ ಗೇರಿನಲ್ಲಿ ಮೆಲ್ಲನೆ. ಒಂದು ಬದಿಯ ಚಕ್ರ ಮಾತ್ರ ಸುತ್ತುತ್ತಿದ್ದರೆ ಬ್ರೇಕನ್ನು ತುಸುವೇ ಒತ್ತಿ ಹಿಡಿಯಬೇಕು. ಹೌಸಿಂಗಿನೊಳಗಿನ ಡಿಫರೆನ್ಷಿಯಲ್ ಯಾವತ್ತೂ ಸಲೀಸಾಗಿ ತಿರುಗುವ ಚಕ್ರದ ಕಡೆಗೇ ಓಟ ಕೊಡುವುದು, ಆ ಚಕ್ರಕ್ಕೆ ಬ್ರೇಕಿನ ತಡೆ ಬಿದ್ದರೆ ಆಚೆ ಬದಿಯ ಚಕ್ರಕ್ಕೂ ಬಲ ಸಿಗುತ್ತದೆ. ಹಾಗೆಯೇ ಆಯಿತು. ಜೀಪು ಕೆಮ್ಮಿ, ಅಲುಗಿ, ಎದ್ದು ಬಂತು.

ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಲೋ ಫಸ್ಟ್ ಗೇರಿನಲ್ಲಿ ಹಾಕಿ ಎರಡೂ ಕಾಲು ನೆಲಕ್ಕೆ ಊರಿ ಕೂತರೆ ಎಂಜಿನ್ನೇ ಜೀಪನ್ನು ಹಿಡಿದು ಇಳಿಸುತ್ತದೆ. ಆದರೆ ಹೆದರಿಕೆ ಕಾಲಿಗೆ ಬರುತ್ತದೆ, ಹೆದರಿದ ಕಾಲು ಹೋಗುವುದು ಕ್ಲಚ್ಚಿಗೆ. ಕ್ಲಚ್ ಒತ್ತಿದರೆ ಎಂಜಿನ್ನಿನ ಹಿಡಿತ ಹೋಯಿತು, ಜೀಪು ಕಲ್ಲಿನ ಹಾಗೆ ಉರುಳುತ್ತದೆ. ಗಟ್ಟಿ ಬ್ರೇಕ್ ಹಾಕಿದರೂ ಕೆಟ್ಟದ್ದೇ, ಚಕ್ರ ನಿಂತು ಗಾಡಿ ಜಾರುತ್ತದೆ, ನಿಂತ ಚಕ್ರಕ್ಕೆ ಸ್ಟಿಯರಿಂಗ್ ಕೇಳುವುದಿಲ್ಲ. ಹಾಗೆ ಜಾರಿದಾಗ ತುಸು ಆಕ್ಸಿಲೇಟರ್ ಕೊಡಬೇಕು ಎಂದು ಅಪ್ಪ ಹೇಳಿದ್ದನ್ನು ನಂಬಲು ನನಗೆ ಎರಡು ವರ್ಷ ಹಿಡಿಯಿತು. ಇಳಿಯುವಾಗ ಯಾರಾದರೂ ಆಕ್ಸಿಲೇಟರ್ ಕೊಡುತ್ತಾರೆಯೇ? ಆದರೆ ಅದೇ ಸರಿ. ಚಕ್ರ ಮತ್ತೆ ತಿರುಗಲು ತೊಡಗಿದರೆ ನೆಲ ಸಿಗುತ್ತದೆ, ನೆಲ ಸಿಕ್ಕಿದ ಮೇಲೆ ಸ್ಟಿಯರಿಂಗ್ ಕೇಳುತ್ತದೆ.

ಇಷ್ಟೆಲ್ಲ ಕಲಿತ ಮೇಲೂ ಪ್ರತಿ ಮಳೆಗಾಲ ಏನಾದರೊಂದು ಮುರಿಯುತ್ತಿತ್ತು. ಒಂದು ವರ್ಷ ಹಿಂದಿನ ಸ್ಪ್ರಿಂಗ್ ಕಟ್ಟಿನ ಮೈನ್ ಪ್ಲೇಟು. ಮರುವರ್ಷ ಸೆಂಟರ್ ಬೋಲ್ಟು. ಅದರ ಮರುವರ್ಷ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸು. ಬಿಡಿಭಾಗಕ್ಕೆ ಸುಳ್ಯಕ್ಕೋ ಪುತ್ತೂರಿಗೋ ಓಡುವುದು, ಜೋಡಿಸುವುದು, ಮತ್ತೆ ಮುರಿಯುವುದು. ನಾನು ಗ್ರೀಸು ಕಮ್ಮಿಯಾಯಿತೋ, ಮಾಲು ಸರಿಯಿಲ್ಲವೋ ಎಂದು ಜೀಪಿನ ಅಡಿಯಲ್ಲೇ ಕಾರಣ ಹುಡುಕುತ್ತಿದ್ದೆ. ಅಪ್ಪ ಒಂದು ದಿನ ಕೋಲು ಊರಿಕೊಂಡು ನನ್ನನ್ನು ತಿರುವಿನವರೆಗೆ ಕರೆದುಕೊಂಡು ಹೋದರು. ಅವರಿಗೆ ಅಷ್ಟು ದೂರ ನಡೆಯಲು ಒಂದು ಗಂಟೆ ಹಿಡಿಯಿತು. ಅಲ್ಲಿ ದಾರಿಗೆ ಅಡ್ಡಲಾಗಿ ನೀರು ಕೊರೆದ ಒಂದು ಸಾಲು ಇತ್ತು, ಗೇಣು ಅಗಲ, ಮೊಳದಷ್ಟು ಆಳ. ಕೋಲಿನ ತುದಿಯನ್ನು ಅದರೊಳಗೆ ಇಳಿಸಿ, "ನಿನ್ನ ಮೈನ್ ಪ್ಲೇಟು ಮುರಿದದ್ದು ಇಲ್ಲಿ. ಎರಡು ವರ್ಷ ಕಣಿ ಬಿಡಿಸಲಿಲ್ಲ ನೀನು" ಎಂದರು.

ಅವರು ಆರೋಗ್ಯದಿಂದಿದ್ದಾಗ ಹಾರೆ ಹಿಡಿದು ಗುಡ್ಡೆಗೆ ಹೋಗುತ್ತಿದ್ದುದನ್ನು ನಾನು ನೋಡಿರಲಿಲ್ಲವೇ? ನೋಡಿದ್ದೆ. ಅದು ಜೀಪಿನ ಕೆಲಸ ಎಂದು ಗೊತ್ತಿರಲಿಲ್ಲ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ, ಅದರ ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರಿನ ಒಳಗೆ. ನೆಲ ಮುರಕಲ್ಲಿನದು. ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಈ ಕಲ್ಲನ್ನು ನೋಡಿ ಇಟ್ಟಿಗೆಗೆ ಲ್ಯಾಟಿನಿನಲ್ಲಿರುವ ಪದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟದ್ದು 1807ರಲ್ಲಿ. ಕಡಿಯುವಾಗ ಮೆತ್ತಗೆ, ಗಾಳಿಗೆ ಒಡ್ಡಿದರೆ ಗಟ್ಟಿ. ಮನೆ ಕಟ್ಟಲು ಬಹಳ ಒಳ್ಳೆಯದು. ಆದರೆ ದಾರಿಯಾಗಿ ಗಾಡಿಯ ಚಕ್ರಕ್ಕೆ ಸಿಕ್ಕಿ ಪುಡಿಯಾದ ಮೇಲೆ ಅದು ಒಣಗಿದಾಗ ದೂಳು, ನೆನೆದಾಗ ಜೇಡಿ. ಈ ಪುಡಿಯನ್ನು ನೀರು ಹೊತ್ತುಕೊಂಡು ಹೋದರೆ ಅಡಿಯ ಕಲ್ಲು ಮಾತ್ರ ಹಲ್ಲಿನ ಹಾಗೆ ಎದ್ದು ನಿಲ್ಲುತ್ತದೆ. ಚಕ್ರ ಹೋದ ಜಾಡೇ ನೀರಿನ ಜಾಡೂ ಆಗುತ್ತದೆ. ಒಂದು ಮಳೆಗಾಲ ಹಾಗೆ ಬಿಟ್ಟರೆ ದಾರಿ ಹೋಗಿ ತೋಡು ಆಗುತ್ತದೆ.

ಆದ್ದರಿಂದ ನೀರು ದಾರಿಯ ಉದ್ದಕ್ಕೆ ಓಡದ ಹಾಗೆ ಅಲ್ಲಲ್ಲಿ ಅಡ್ಡ ಕಣಿ. ನಮ್ಮ ಇಳಿಜಾರಿನಲ್ಲಿ ಒಟ್ಟು ಹನ್ನೊಂದು ಇವೆ. ಕಡಿದಾದಲ್ಲಿ ಹತ್ತಿರ ಹತ್ತಿರ, ಸಮವಿದ್ದಲ್ಲಿ ದೂರ ದೂರ. ದಾರಿಗೆ ನೇರ ಅಡ್ಡಲಾಗಿ ತೆಗೆಯಬಾರದು, ಓರೆಯಾಗಿ ತೆಗೆಯಬೇಕು. ಓರೆ ಇದ್ದರೆ ನೀರು ತಾನೇ ಮಣ್ಣು ತೊಳೆದುಕೊಂಡು ಹೋಗುತ್ತದೆ, ಕಣಿ ತುಂಬುವುದಿಲ್ಲ. ಜೀಪಿಗೂ ಅದೇ ಸುಖ, ಎರಡು ಚಕ್ರ ಒಟ್ಟಿಗೆ ದಡಕ್ಕನೆ ಬೀಳದೆ ಒಂದಾದ ಮೇಲೆ ಒಂದು ಇಳಿದು ಹತ್ತುತ್ತದೆ. ಅಗಲ ಹೆಚ್ಚು, ಆಳ ಕಮ್ಮಿ, ಅಂಚು ಬೋಗುಣಿಯ ಅಂಚಿನ ಹಾಗೆ. ನೀರು ಹೊರಗೆ ಬೀಳುವ ಬಾಯಿಯಲ್ಲಿ ನಾಲ್ಕು ಕಲ್ಲು ಜೋಡಿಸದಿದ್ದರೆ ಅಲ್ಲಿಂದ ಗುಡ್ಡೆ ಕೊರೆಯಲು ಶುರು. ಇದನ್ನೆಲ್ಲ ಅಪ್ಪ ಅಂದು ಒಂದು ಕಲ್ಲಿನ ಮೇಲೆ ಕೂತು ಹೇಳಿದರು, ನಾನು ಅವರು ಹೇಳಿದಂತೆ ತೋಡಿದೆ. ಆ ವರ್ಷದಿಂದ ಈಚೆಗೆ ಒಂದೇ ಒಂದು ಪ್ಲೇಟು ಮುರಿದದ್ದು, ಅದೂ ನಾನು ಮರದ ದಿಮ್ಮಿ ಹೇರಿದ ದಿನ.

ಜೀಪಿಗೆ ಇನ್ನೊಂದು ಶತ್ರು ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್. ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಬಿಡುವುದು ನಮ್ಮವರಿಗೆಲ್ಲ ಗೊತ್ತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮಳೆ ಹಿಡಿಯುವ ಮೊದಲು ಒಂದು ಸಲ, ಮತ್ತೆ ನಲವತ್ತು ನಲವತ್ತೈದು ದಿನ ಕಳೆದು ಇನ್ನೊಂದು ಸಲ. ಸುಣ್ಣ ಸಾಕಾಯಿತೋ ಇಲ್ಲವೋ ಎಂದು ತಿಳಿಯಲು ಕಬ್ಬಿಣದ ಕತ್ತಿಯನ್ನು ಅದ್ದಿ ನೋಡುತ್ತೇವೆ. ಕತ್ತಿಯ ಮೇಲೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಇನ್ನೂ ಬೇಕು. ತಾಮ್ರ ಬಂದು ಕೂತಷ್ಟು ಕಬ್ಬಿಣ ಕರಗಿ ಹೋಗುತ್ತದೆ. ಜೀಪಿನ ಹಿಂದಿನ ತಟ್ಟೆಗೆ ಆಗುವುದೂ ಇದೇ. ಮೈಲುತುತ್ತಿನ ನೀರು ಇರುವ ಬಕೆಟ್ಟು ತುಳುಕಿ, ಹಲಗೆಯ ಸಂದಿಯಲ್ಲಿ ಇಳಿದು ನಿಂತರೆ ತಗಡು ಅಲ್ಲೇ ತೂತು. 2015ರಲ್ಲಿ ಮದ್ದು ಬಿಟ್ಟ ಮೇಲೆ ಸರಿಯಾಗಿ ತೊಳೆಯದೆ ಬಿಟ್ಟೆ. ಮರುವರ್ಷ ಸ್ಟೆಪ್ಪಿನಿಯ ಹತ್ತಿರ ರಬ್ಬರ್ ಶೀಟ್ ಎತ್ತಿ ನೋಡಿದರೆ ತಗಡಿನ ಮೇಲೆ ತಾಮ್ರದ ತೆಳು ಬಣ್ಣ, ಬೆರಳಿನಿಂದ ಒತ್ತಿದರೆ ಬೆರಳೇ ಆಚೆ ಹೋಯಿತು. ಈಗ ಮದ್ದಿನ ಸಾಮಾನೆಲ್ಲ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ಸಂಜೆ ಎಷ್ಟೇ ದಣಿದಿರಲಿ, ಸುರಂಗದ ನೀರಿನ ಪೈಪು ಹಿಡಿದು ಅಡಿಯೂ ಮೇಲೂ ತೊಳೆಯದೆ ನಾನು ಮಲಗುವುದಿಲ್ಲ. ಗುಡ್ಡೆಯ ಹೊಟ್ಟೆಯಿಂದ ತಾನಾಗಿ ಹರಿದು ಬರುವ ನೀರು, ಕರೆಂಟು ಬೇಡ, ಪಂಪು ಬೇಡ. ನಮ್ಮ ಹಿರಿಯರು ಮುರಕಲ್ಲು ಕೊರೆದು ಮಾಡಿಟ್ಟ ಸುರಂಗಕ್ಕೆ ಈ ಉಪಕಾರವೂ ಸೇರಿದೆ.

ತುಂಬಿದ ಡ್ರಮ್ಮು ಹೇರಿಕೊಂಡು ಮೇಲಿನ ತೋಟಕ್ಕೆ ಹೋಗುವ ಬಗ್ಗೆ ಒಂದು ಮಾತು. ಇನ್ನೂರು ಲೀಟರಿನ ಡ್ರಮ್ಮು ಅಂದರೆ ನೀರೇ ಇನ್ನೂರು ಕಿಲೋ. ಅರ್ಧ ತುಂಬಿದ ಡ್ರಮ್ಮು ಪೂರ್ತಿ ತುಂಬಿದ್ದಕ್ಕಿಂತ ಅಪಾಯ, ನೀರು ಒಳಗೆ ಓಡಾಡಿ ಜೀಪನ್ನೂ ತನ್ನ ಜೊತೆ ಎಳೆಯುತ್ತದೆ. ಏರಿನಲ್ಲಿ ಭಾರವೆಲ್ಲ ಹಿಂದಕ್ಕೆ ಬೀಳುವುದರಿಂದ ಮುಂದಿನ ಚಕ್ರ ಹಗುರ. ಸ್ಟಿಯರಿಂಗ್ ಒಮ್ಮೆಲೇ ಹಗುರವಾಯಿತು ಎಂದರೆ ಖುಷಿಪಡುವ ವಿಷಯ ಅಲ್ಲ. ಹತ್ತಲು ಆಗದಿದ್ದರೆ ಅಡ್ಡಕ್ಕೆ ತಿರುಗಿಸಲು ಹೋಗಲೇಬಾರದು, ರಿವರ್ಸ್ ಗೇರಿನಲ್ಲಿ ಬಂದ ದಾರಿಯಲ್ಲೇ ಸೀದಾ ಇಳಿಯಬೇಕು. ಜೀಪು ಮಗುಚುವುದು ಹೆಚ್ಚಾಗಿ ಹೀಗೆ ಅಡ್ಡ ತಿರುಗಿಸುವಾಗಲೇ.

2019ರ ಆಗಸ್ಟಿನಲ್ಲಿ ಮಳೆ ಬಿಡದೆ ಹೊಯ್ದ ದಿನಗಳಲ್ಲಿ ನಾನು ದಿನಕ್ಕೆ ಎರಡು ಮೂರು ಸಲ ತೋಡು ದಾಟಿದೆ. ನೀರು ಚಕ್ರದ ನಡುವಿನವರೆಗೆ ಇತ್ತು, ಜೀಪು ನಿಲ್ಲಲಿಲ್ಲ. ದಾಟಿದ ಮೇಲೆ ಎಡಗಾಲಿನಿಂದ ಬ್ರೇಕನ್ನು ತುಸು ಒತ್ತಿಕೊಂಡು ಸ್ವಲ್ಪ ದೂರ ಓಡಿಸಿ ಬ್ರೇಕ್ ಡ್ರಮ್ ಒಣಗಿಸುವುದನ್ನೂ ಮರೆಯಲಿಲ್ಲ. ಎಲ್ಲ ಸರಿಯಾಗಿ ಮಾಡಿದೆ ಎಂದೇ ಅಂದುಕೊಂಡಿದ್ದೆ. ಸೆಪ್ಟೆಂಬರಿನಲ್ಲಿ ಹಿಂದಿನಿಂದ ಒಂದು ಸದ್ದು ಬರತೊಡಗಿತು, ದೂರದಲ್ಲಿ ಯಾರೋ ತೆಂಗಿನಕಾಯಿ ತುರಿಯುವ ಹಾಗೆ.

ಮುಳ್ಳೇರಿಯದ ಹತ್ತಿರ ನಮ್ಮ ಜೀಪು ನೋಡುವ ಮೇಸ್ತ್ರಿಯೊಬ್ಬರಿದ್ದಾರೆ. ವಯಸ್ಸಾದವರು, ಊರವರೆಲ್ಲ ಇಚ್ಚ ಎಂದೇ ಕರೆಯುವುದು. ಅವರು ಕೂತು ಒಂದು ಮಾತೂ ಆಡದೆ ಹಿಂದಿನ ಹೌಸಿಂಗಿನ ಅಡಿಯ ಪ್ಲಗ್ಗು ಸಡಿಲಿಸಿದರು. ಕಪ್ಪಗೆ, ಜೇನಿನಂತೆ ಬೀಳಬೇಕಾದ ತೊಂಬತ್ತನೇ ನಂಬರಿನ ಗೇರ್ ಆಯಿಲು ಹಾಲು ಹೆಚ್ಚಾದ ಚಹಾದ ಬಣ್ಣದಲ್ಲಿ, ತೆಳ್ಳಗೆ ಇಳಿಯಿತು. ಇಚ್ಚ ಅದನ್ನು ಅಂಗೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ತಿಕ್ಕಿ ನನ್ನ ಮುಂದೆ ಹಿಡಿದರು. ಬಿಸಿಲಿಗೆ ತಿರುಗಿಸಿದರೆ ಅದರೊಳಗೆ ಬೆಳ್ಳಿಯ ಪುಡಿಯಂತೆ ಏನೋ ಮಿನುಗಿತು. "ಅಕ್ಕಾ, ಇದು ನಿಮ್ಮ ಕ್ರೌನು" ಎಂದರು. ಹೌಸಿಂಗಿನೊಳಗಿನ ಕ್ರೌನ್ ಗೇರಿನ ಹಲ್ಲು ಸವೆದು ಎಣ್ಣೆಯಲ್ಲಿ ಬೆರೆತ ಉಕ್ಕು ಅದು.

ನೀರು ಒಳಗೆ ಹೋದದ್ದು ಹೇಗೆ ಎಂದು ಆಮೇಲೆ ವಿವರಿಸಿದರು. ಏರು ಹತ್ತಿ ಇಳಿದು ಬಂದ ಹೌಸಿಂಗ್ ಕಾದಿರುತ್ತದೆ. ಒಮ್ಮೆಲೇ ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗುತ್ತದೆ, ಕುಗ್ಗಿದ ಜಾಗಕ್ಕೆ ಹೊರಗಿನಿಂದ ಏನಾದರೂ ಬರಲೇಬೇಕು. ಉಸಿರಾಡಲು ಮೇಲೆ ಬ್ರೀದರ್ ಎಂಬ ಒಂದು ಸಣ್ಣ ತೂತು ಇದೆ. ನಮ್ಮದರಲ್ಲಿ ಅದು ಕೆಂಪುಮಣ್ಣು ಹಿಡಿದು ಮುಚ್ಚಿತ್ತು. ಹಾಗಾಗಿ ಸೀಲುಗಳ ಸಂದಿಯಿಂದ ನೀರನ್ನೇ ಎಳೆದುಕೊಂಡಿತು. ಇಚ್ಚ ಬ್ರೀದರಿನ ಬಾಯಿಗೆ ಒಂದು ರಬ್ಬರ್ ಪೈಪು ಸಿಕ್ಕಿಸಿ ಅದರ ಇನ್ನೊಂದು ತುದಿಯನ್ನು ಮೇಲೆ ಚಾಸಿಗೆ ಕಟ್ಟಿಕೊಟ್ಟರು. ಈಗ ನಾನು ತೋಡಿನ ದಡದಲ್ಲಿ ಐದು ಹತ್ತು ನಿಮಿಷ ನಿಲ್ಲಿಸಿ, ತಣಿದ ಮೇಲೆಯೇ ಇಳಿಯುತ್ತೇನೆ. ನೀರು ಫ್ಯಾನಿನ ಎತ್ತರಕ್ಕೆ ಬಂದಿದ್ದರೆ ಇಳಿಯುವುದೇ ಇಲ್ಲ. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ, ನೆನೆದರೂ ಓಡುತ್ತದೆ ಎಂಬ ಧೈರ್ಯದಲ್ಲಿ ನುಗ್ಗಿದವರ ಎಂಜಿನ್ ಗಾಳಿಯ ಜೊತೆ ನೀರೆಳೆದು ಕನೆಕ್ಟಿಂಗ್ ರಾಡ್ ಬಗ್ಗಿದ್ದನ್ನು ಇಚ್ಚನ ಗ್ಯಾರೇಜಿನಲ್ಲೇ ನೋಡಿದ್ದೇನೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಪ್ಲಗ್ಗು ಸಡಿಲಿಸಿ ನಾಲ್ಕು ಹನಿ ಎಣ್ಣೆ ಬಿಟ್ಟು ಬಣ್ಣ ನೋಡುತ್ತೇನೆ. ಎರಡು ನಿಮಿಷದ ಕೆಲಸ.

ಇಚ್ಚನ ಗ್ಯಾರೇಜಿನಲ್ಲಿ ಕೂರುವುದೆಂದರೆ ನನಗೆ ಇಷ್ಟ. ಅಲ್ಲಿ ಅವರ ಮಲಯಾಳ, ಕೆಲಸದ ಹುಡುಗನ ತುಳು, ನನ್ನ ಕನ್ನಡ, ಬಿಡಿಭಾಗ ತರುವವರ ಕೊಂಕಣಿ ಎಲ್ಲ ಒಂದೇ ಬೆಂಚಿನಲ್ಲಿ ಕೂರುತ್ತವೆ. ಗ್ಯಾಸ್ಕೆಟ್ಟು, ಬುಶ್ಶು, ಶ್ಯಾಕಲ್ಲು, ಬೇರಿಂಗು ಎಂಬ ಪದಗಳು ಬಂದಾಗ ನಾಲ್ಕೂ ಭಾಷೆ ಒಂದಾಗುತ್ತದೆ. ಆದರೆ ಸದ್ದನ್ನು ಹೇಳಲು ಬರುವುದು ಅವರವರ ಮನೆಯ ಮಾತೇ. ತೆಂಗಿನಕಾಯಿ ತುರಿದ ಹಾಗೆ ಎಂದು ನಾನು ಕನ್ನಡದಲ್ಲಿ ಹೇಳಿದ್ದು ಅವರಿಗೆ ಸರಿಯಾಗಿ ತಿಳಿಯಿತು. ಅಪ್ಪ ಕೊನೆಯ ವರ್ಷಗಳಲ್ಲಿ ಜಗಲಿಯಲ್ಲಿ ಮಲಗಿಕೊಂಡೇ, ಜೀಪು ತಿರುವು ದಾಟುವ ಸದ್ದು ಕೇಳಿ, "ಸೆಕೆಂಡಿಗೆ ಹಾಕಿದಳು, ಇನ್ನೂ ಸ್ವಲ್ಪ ಮೊದಲು ಹಾಕಬಹುದಿತ್ತು" ಎನ್ನುತ್ತಿದ್ದರಂತೆ. ಅಮ್ಮ ಹೇಳಿದ್ದು.

ಡೀಸೆಲ್ ಲೈನಿನಲ್ಲಿ ಏರ್ ಹಿಡಿಯುವುದು ಎಲ್ಲ ಡೀಸೆಲ್ ಜೀಪಿನವರಿಗೂ ಗೊತ್ತಿರುವ ಗೋಳು. ಟ್ಯಾಂಕಿನಲ್ಲಿ ಕಮ್ಮಿ ಡೀಸೆಲ್ ಇಟ್ಟುಕೊಂಡು ಏರು ಹತ್ತಿದರೆ ಇದ್ದದ್ದೂ ಒಂದು ಮೂಲೆಗೆ ಓಡುತ್ತದೆ, ಪೈಪು ಗಾಳಿ ಎಳೆಯುತ್ತದೆ, ಏರಿನ ನಡುವೆ ಎಂಜಿನ್ ಸತ್ತುಹೋಗುತ್ತದೆ. ಆಗ ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಮುಗಿಸಬಾರದು. ಡೀಸೆಲ್ ಹಾಕಿ, ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪನ್ನು ಒತ್ತುತ್ತಾ ಇರಬೇಕು. ಮೊದಲು ಬುಸ್ ಎಂದು ನೊರೆ, ಮತ್ತೆ ಗುಳ್ಳೆ, ಕೊನೆಗೆ ಗುಳ್ಳೆಯಿಲ್ಲದ ಡೀಸೆಲ್. ಆಗ ಸ್ಕ್ರೂ ಬಿಗಿಮಾಡಿ, ಹೀಟರ್ ಕೊಟ್ಟು ಇಪ್ಪತ್ತು ಎಣಿಸಿ ಸೆಲ್ಫ್ ಹೊಡೆದರೆ ಆಯಿತು. ಮಳೆಗಾಲದಲ್ಲಿ ನಮ್ಮ ಟ್ಯಾಂಕು ಅರ್ಧಕ್ಕಿಂತ ಕೆಳಗೆ ಇಳಿಯುವುದಿಲ್ಲ.

ಅರ್ಧ ಟ್ಯಾಂಕಿನ ನಿಯಮ ಅಪ್ಪ ಮಾಡಿದ್ದು, ಅದಕ್ಕೆ ಕಾರಣ ಡೀಸೆಲ್ ಲೈನು ಮಾತ್ರ ಅಲ್ಲ. ನಮ್ಮ ಆಚೆಯ ಬೈಲಿನಲ್ಲಿ ಆರು ಮನೆಗಳಿವೆ. ರಾತ್ರಿ ಯಾರಿಗಾದರೂ ಏನಾದರೂ ಆದರೆ ಆಂಬುಲೆನ್ಸು ಭಜನಾ ಮಂದಿರದವರೆಗೆ ಮಾತ್ರ ಬರುತ್ತದೆ, ಅಲ್ಲಿವರೆಗೆ ಮುಟ್ಟಿಸಬೇಕಾದದ್ದು ಜೀಪು. ಮೂರು ವರ್ಷದ ಹಿಂದೆ ಜೋರು ಮಳೆಯ ಆಟಿ ತಿಂಗಳ ಒಂದು ರಾತ್ರಿ ಒಂದು ಗಂಟೆಗೆ ಆಚೆ ಮನೆಯ ಹುಡುಗ ಟಾರ್ಚು ಹಿಡಿದು ಓಡಿ ಬಂದ. ಅವನ ಅಜ್ಜಿಗೆ ಉಸಿರು ಕಟ್ಟುತ್ತಿತ್ತು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಎತ್ತಿ ತಂದರು, ಕುರ್ಚಿ ಸಮೇತ ಹಿಂದೆ ಇಟ್ಟು ಇಬ್ಬರು ಹಿಡಿದುಕೊಂಡರು. ಆ ಏರನ್ನು ನಾನು ಸಾವಿರ ಸಲ ಹತ್ತಿರಬಹುದು, ಅಷ್ಟು ನಿಧಾನ ಯಾವತ್ತೂ ಹತ್ತಿದ್ದಿಲ್ಲ. ಕನ್ನಡಿಯಲ್ಲಿ ಅವರ ಬಿಳಿ ಸೀರೆ ಮಾತ್ರ ಕಾಣುತ್ತಿತ್ತು. ಹನ್ನೊಂದು ಕಣಿ, ಹನ್ನೊಂದರಲ್ಲೂ ಚಕ್ರ ಒಂದೊಂದಾಗಿ ಇಳಿದು ಹತ್ತಿತು, ಕುರ್ಚಿ ಅಲುಗಲಿಲ್ಲ. ಮಂಗಳೂರಿನಲ್ಲಿ ಎಂಟು ದಿನ ಇದ್ದು ಅಜ್ಜಿ ಹಿಂದೆ ಬಂದರು. ಈಗಲೂ ನನ್ನನ್ನು ಕಂಡರೆ, "ಆ ದಿನ ನೀನು ದಾರಿಯನ್ನೇ ನುಣ್ಣಗೆ ಮಾಡಿದ್ದೆಯಲ್ಲ ಮಗಳೇ" ಎನ್ನುತ್ತಾರೆ. ಅವರಿಗೆ ಮತ್ತೇನೂ ನೆನಪಿಲ್ಲ.

ಕಾಗದಪತ್ರದ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ, ಗಡಿಯವರಿಗೆ ಬೇಕಾಗುತ್ತದೆ. ಕರ್ನಾಟಕದ ನಂಬರಿನ ಗಾಡಿಯನ್ನು ಕೇರಳದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿಯ ನಂಬರು ಮಾಡಿಸಬೇಕು. ಅದಕ್ಕೆ ಅಲ್ಲಿಯ ಆರ್‌ಟಿಒ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ನಮ್ಮದು ಕೆಎ 19ರಿಂದ ಕೆಎಲ್ 14 ಆಯಿತು. ಹದಿನೈದು ವರ್ಷ ಕಳೆದ ಮೇಲೆ ಐದೈದು ವರ್ಷಕ್ಕೊಮ್ಮೆ ಗಾಡಿ ತೋರಿಸಿ ನವೀಕರಿಸಬೇಕು. 2006, 2011, 2016, 2021 ದಾಟಿತು. 2020ರ ಮಾರ್ಚಿನಲ್ಲಿ ಕೊರೊನಾ ಬಂದು ಗಡಿಯ ರಸ್ತೆಗಳಿಗೆ ಮಣ್ಣು ಬಿದ್ದಾಗ ನಾನು ಪುತ್ತೂರಿನಲ್ಲಿ ಹೇಳಿಟ್ಟಿದ್ದ ಕ್ಲಚ್ ಪ್ಲೇಟು ಅಲ್ಲೇ ಉಳಿಯಿತು. ಹಳೆಯ ಪ್ಲೇಟಿನಲ್ಲೇ, ಕ್ಲಚ್ಚಿಗೆ ಆದಷ್ಟು ಕಾಲು ತಾಗಿಸದೆ ಆ ಬೇಸಿಗೆ ಕಳೆದೆ. ಅಂದಿನಿಂದ ಒಂದು ಕ್ಲಚ್ ಪ್ಲೇಟು, ಒಂದು ಮೈನ್ ಪ್ಲೇಟು, ಎರಡು ಕ್ರಾಸು, ಒಂದು ಫ್ಯಾನ್ ಬೆಲ್ಟು ಮನೆಯ ಅಟ್ಟದಲ್ಲಿ ಯಾವಾಗಲೂ ಇರುತ್ತವೆ.

ಅಪ್ಪ ತೀರಿಕೊಂಡದ್ದು 2021ರ ಡಿಸೆಂಬರಿನಲ್ಲಿ. ಹೊಸ ಗಾಡಿ ತೆಗೆದುಕೊಳ್ಳಬಾರದೇ ಎಂದು ಕೇಳುವವರಿದ್ದಾರೆ. ತೆಗೆದುಕೊಳ್ಳಬಹುದು, ಈಗಿನ ಗಾಡಿಗಳು ಹತ್ತುವುದರಲ್ಲಿ ಇದಕ್ಕಿಂತ ಎಷ್ಟೋ ಮೇಲು. ಆದರೆ ನಮ್ಮ ಜೀಪಿನ ಒಂದೊಂದು ಗ್ರೀಸ್ ನಿಪ್ಪಲ್ಲು ಎಲ್ಲಿದೆ ಎಂದು ಕತ್ತಲಲ್ಲೂ ನನ್ನ ಬೆರಳಿಗೆ ಗೊತ್ತು. ಗ್ರೀಸ್ ಗನ್ ಒತ್ತುತ್ತಾ ಹೋದರೆ ಮೊದಲು ಹಳೆಯದು ಹೊರಗೆ ಬರುತ್ತದೆ, ಕೆಂಪುಮಣ್ಣು ಕಲಸಿ ಕಂದಾದದ್ದು. ಅದು ಪೂರ್ತಿ ಹೊರಬಿದ್ದು ಹೊಸ ಗ್ರೀಸಿನ ಹಳದಿ ಕಾಣುವವರೆಗೆ ಒತ್ತಬೇಕು. ಎರಡು ಸಲ ಒತ್ತಿ ಬಿಟ್ಟರೆ ಒಳಗೆ ಮಣ್ಣು ಹಾಗೇ ಉಳಿದು ಬುಶ್ಶು ತಿನ್ನುತ್ತದೆ.

ಈ ಸಲ ಮೇ ಕೊನೆಯಲ್ಲಿ ಕಣಿಗಳ ಕೆಲಸಕ್ಕೆ ಮಗ ನಾಲ್ಕು ದಿನ ಪೂರ್ತಿ ಬಂದ. ಓರೆ ಎಷ್ಟಿರಬೇಕು ಎಂದು ಕೇಳಿದ, ತೋರಿಸಿಕೊಟ್ಟೆ. ಮೊದಲ ಮಳೆ ಒಂದು ಸಂಜೆ ಐದು ಗಂಟೆಗೆ ಬಂತು. ಇಬ್ಬರೂ ಕೊಡೆ ಹಿಡಿದು ದಾರಿಗೆ ಹೊರಟೆವು. ಕಣಿ ತೋಡಿದ ಮೇಲೆ ಮೊದಲ ಮಳೆಯಲ್ಲಿ ಹೋಗಿ ನೀರು ಎತ್ತ ಹೋಗುತ್ತದೆ ಎಂದು ನೋಡದಿದ್ದರೆ ತೋಡಿ ಪ್ರಯೋಜನವಿಲ್ಲ. ಕೆಂಪು ನೀರು ದಾರಿಯ ಮೇಲೆ ಓಡಿ ಬಂದು ಒಂದೊಂದು ಕಣಿಗೂ ಇಳಿದು ಗುಡ್ಡೆಯ ಬದಿಗೆ ಹೋಗುತ್ತಿತ್ತು. ತಿರುವಿನ ಹತ್ತಿರದ ಏಳನೆಯ ಕಣಿಯ ಬಾಯಿಯಲ್ಲಿ ಗೇರೆಲೆ ಕಟ್ಟಿ ನೀರು ದಾರಿಗೇ ತಿರುಗಿತ್ತು. ಮಗ ಕೊಡೆ ನನ್ನ ಕೈಗೆ ಕೊಟ್ಟು ಬಗ್ಗಿ ಎರಡೂ ಕೈಯಲ್ಲಿ ಎಲೆ ಬಾಚಿ ತೆಗೆದ, ಕದಲಿದ ಕಲ್ಲೊಂದನ್ನು ಮತ್ತೆ ಕೂರಿಸಿದ, ನೀರು ಸರಿದು ಹೋಗುವವರೆಗೆ ಅಲ್ಲೇ ನಿಂತು ನೋಡಿದ.